ಮಹಾರುದ್ರಪ್ಪನವರ ನಲವತ್ತಮೂರು ಪದಕಗಳು

ಹುಮನಾಬಾದಿನ ಮಹಾರುದ್ರಪ್ಪ ಸಾವಕಾರರ ಮನೆತನದಲ್ಲಿ ಯಾರೂ ಯುದ್ಧಕ್ಕೆ ಹೋದವರಿಲ್ಲ. ಅವರ ಅಜ್ಜ ಕುಸುಬೆ ಎಣ್ಣೆಯ ಗಾಣ ನಡೆಸುತ್ತಿದ್ದರು. ಪಕ್ಕದ ಹಳ್ಳಿಖೇಡ ದಾಟಿದರೆ ನೀರು ಒಗ್ಗುವುದಿಲ್ಲವೆಂದು ಹೆದರಿ, ಸಾಯುವ ತನಕ ಆ ಊರಿನಾಚೆ ಕಾಲಿಡಲಿಲ್ಲ. ಹೀಗಿದ್ದೂ ಮಹಾರುದ್ರಪ್ಪನವರ ಅಂಗಡಿಯ ಹಿಂದಿನ ಕೋಣೆಯಲ್ಲಿ ನಲವತ್ತಮೂರು ಯುದ್ಧ ಪದಕಗಳಿದ್ದವು. ಇಷ್ಟೊಂದು ಶೌರ್ಯ ಒಂದೇ ಸೂರಿನಡಿ ಸೇರಬೇಕಾದರೆ ರಕ್ತ ಹರಿಯಲೇಬೇಕೆಂದಿಲ್ಲ. ಒಂದು ಒಳ್ಳೆಯ ತಕ್ಕಡಿ ಸಾಕು.

ಅವರು ಬೆಳ್ಳಿ ಅಂಗಡಿ ತೆರೆದದ್ದು 1956ರ ನವೆಂಬರಿನಲ್ಲಿ. ಬೀದರ ಜಿಲ್ಲೆಯ ನಾವೆಲ್ಲ ಕೂತಲ್ಲಿಂದ ಏಳದೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದ ತಿಂಗಳದು. ನಮ್ಮ ಸುತ್ತಲಿನ ಊರುಗಳಲ್ಲಿ ಆಗ ಮೊದಲ ಮಹಾಯುದ್ಧ ಕಂಡ ಮುದುಕರಿದ್ದರು. ಕೆಲವರು ನಿಜಾಮರ ಕುದುರೆ ದಂಡಿನಲ್ಲಿ ಮಿಸರಿಗೆ, ಅಂದರೆ ಈಜಿಪ್ಟಿಗೆ, ಹೋಗಿ ಬಂದಿದ್ದರು, ಕೆಲವರು ಇಂಗ್ಲಿಷರ ಪಲ್ಟನ್ನು ಸೇರಿ ಇರಾಕಿನ ಬಸ್ರಾ ನೋಡಿದ್ದರು. ಅವರಲ್ಲಿ ಒಬ್ಬೊಬ್ಬರಿಗೂ ಇಂಗ್ಲೆಂಡಿನ ಬಾದಶಹನ ಕಡೆಯಿಂದ ದುಂಡನೆಯ ಬೆಳ್ಳಿ ಪದಕವೊಂದು ಬಂದಿತ್ತು. ಒಂದು ಮಗ್ಗುಲಿಗೆ ರಾಜನ ತಲೆ. ಇನ್ನೊಂದು ಮಗ್ಗುಲಿಗೆ ಕುದುರೆಯೇರಿದ ಗಂಡಸು, ಮೈಮೇಲೆ ನೂಲೆಳೆಯಿಲ್ಲ. ಅಂಚಿನ ಸುತ್ತ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಸಿಪಾಯಿಯ ನಂಬರು, ಹೆಸರು, ದಂಡು.

ಮುದುಕರು ಸತ್ತರು, ಇಲ್ಲವೆ ಬಡವಾದರು. ಪದಕಗಳು ಅಂಗಡಿಗೆ ಬಂದವು. ಮಹಾರುದ್ರಪ್ಪನವರು ಮೊದಲು ಅದರ ರಿಬ್ಬನ್ ಕತ್ತರಿಸಿ ಪಕ್ಕಕ್ಕಿಡುತ್ತಿದ್ದರು. ಬಟ್ಟೆಗೂ ತೂಕವಿರುತ್ತದೆ, ವ್ಯವಹಾರದಲ್ಲಿ ಅನ್ಯಾಯವಾಗಬಾರದು. ಆಮೇಲೆ ಬೆಳ್ಳಿ ತೂಗಿ, ಬೆರಕೆ ಬೆಳ್ಳಿಯೆಂದು ಮುಖ ಸಿಂಡರಿಸಿ, ಕೊಟ್ಟಷ್ಟು ಕೊಟ್ಟು ಕಳಿಸುತ್ತಿದ್ದರು. ಬೆಳ್ಳಿಯ ಭಾವ ಏರಲಿ ನೋಡೋಣ ಎಂದು ಎಲ್ಲವನ್ನೂ ಒಂದು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದರು.

ನಾನು ನಾಗನಾಥ, ಅದೇ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಈ ಕಥೆಯಲ್ಲಿ ನಾನು ಬರೀ ನೋಡಿದವನಲ್ಲ, ಕೈ ಹಚ್ಚಿದವನು. ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬಾಂಗ್ಲಾ ಯುದ್ಧ ಗೆದ್ದ ಮರುವರ್ಷ, ಅಂದರೆ 1972ರಲ್ಲಿ, ನಮ್ಮೂರಲ್ಲಿ ಮಾಜಿ ಸೈನಿಕರಿಗೆ ಸನ್ಮಾನ ನಡೆಯಿತು. ಶಾಮಿಯಾನಾ, ಹಾರ, ಚಹಾ ಎಲ್ಲ ಮಹಾರುದ್ರಪ್ಪನವರ ಖರ್ಚು. ಆದರೆ ವೇದಿಕೆಯ ಕುರ್ಚಿಗಳ ಮೇಲೆ ಸೈನಿಕರು ಕೂತರು. ಅವರಲ್ಲೊಬ್ಬ ಸಾವಕಾರರ ಅಂಗಡಿಯ ಮುಂದೆಯೇ ಹಮಾಲಿ ಮಾಡುವವನು. ಖರ್ಚು ಮಾಡಿದವರು ಕೆಳಗೆ, ಚಹಾದ ಕಿಟ್ಲಿಯ ಪಕ್ಕದಲ್ಲಿ ಎರಡು ತಾಸು ಕೂತಿದ್ದರು. ಮೂರನೆಯ ದಿನ ನನಗೆ ಕರೆ ಬಂತು.

ಹೋದಾಗ ಗೋಣಿಚೀಲ ಬಿಚ್ಚಿ ಜಮಖಾನೆಯ ಮೇಲೆ ಸುರುವಿದ್ದರು.

"ಮಾಸ್ತರ್, ಇವುಗಳ ದಂಡಿ ಮ್ಯಾಲ ಏನೋ ಇಂಗ್ಲಿಷ್ ಅದ. ಓದಿ ಹೇಳ್ರಿ."

ಭೂತಗನ್ನಡಿ ಹಿಡಿದು ಒಂದೊಂದಾಗಿ ಓದಿದೆ. ಮಾಸ್ತರಿಕೆಯ ಚಟ, ಓದಿದ್ದನ್ನೆಲ್ಲ ನನ್ನ ನೋಟುಬುಕ್ಕಿನಲ್ಲಿ ನಂಬರು ಸಮೇತ ಬರೆದುಕೊಂಡೆ. ನಲವತ್ತಮೂರೂ ಮುಗಿದ ಮೇಲೆ ಹೇಳಿದೆ: "ಎಲ್ಲಾ ಸಿಪಾಯಿಗಳ ಹೆಸರ್ರಿ. ಬ್ಯಾರೆ ಬ್ಯಾರೆ ಮಂದೀದು."

ಸಾವಕಾರರು ಒಂದು ಪದಕ ಎತ್ತಿ ಅದರ ಅಂಚು ಸವರಿದರು. "ಒಬ್ಬ ಮನಿಷ್ಯಾಗ ಎಷ್ಟು ಹೆಸರು ಇರಬಹುದ್ರಿ, ಮಾಸ್ತರ್?"

"ಒಂದು. ಭಾಳ ಆದರ ಎರಡು."

"ಹಂಗಾದ್ರ ಇವುಗಳ ಮ್ಯಾಲ ಹೆಸರು ಇರಬಾರದು," ಎಂದರು.

ಹೀಗೆ ಅವರ ಅಜ್ಜ, ತೀರಿಕೊಂಡು ಮೂವತ್ತು ವರ್ಷವಾದ ಮೇಲೆ, ಸೈನ್ಯ ಸೇರಿದರು. ಸೇರಿದ ದಿನವೇ ಕುದುರೆ ದಂಡಿನ ಅಧಿಕಾರಿ, ರಿಸಾಲ್ದಾರರಾದರು. ಅಕ್ಕಸಾಲಿ ಕೆಲಸದ ಪತ್ತಾರ ಬಸವಣಪ್ಪನನ್ನು ಕರೆಸಿ ನಲವತ್ತಮೂರು ಪದಕಗಳ ಅಂಚನ್ನೂ ಅರದಿಂದ ಉಜ್ಜಿಸಿದರು. ಮೊದಲ ದಿನ ಬಸವಣಪ್ಪ ಒಂದೊಂದು ಪದಕಕ್ಕೂ ಕೈಮುಗಿದು ಉಜ್ಜಿದನಂತೆ. ನಾಲ್ಕನೆಯ ದಿನ ಭಜನೆಯ ಪದ ಗುನುಗುತ್ತ ಉಜ್ಜಿದ. ರಿಸಾಲ್ದಾರ್ ಅಜ್ಜ ಮಿಸರಿನ ಮರಳುಗಾಡಿನಲ್ಲಿ ಕುದುರೆ ಓಡಿಸಿದ ಚರಿತ್ರೆಯನ್ನು ದಪ್ಪ ಕಾಗದದ ಮೇಲೆ ಚಂದದ ಅಕ್ಷರದಲ್ಲಿ ಬರೆದುಕೊಟ್ಟವನು ನಾನು. ಆ ವರ್ಷ ನನ್ನ ತಂಗಿಯ ಮದುವೆ ಇತ್ತು. ಬೆಳ್ಳಿ ಸಾಮಾನಿಗೆ ಸಾವಕಾರರು ಮಜೂರಿ ಹಿಡಿಯಲಿಲ್ಲ. ನನ್ನ ಬೆಲೆ ಎಷ್ಟೆಂದು ಯಾರಾದರೂ ಕೇಳಿದರೆ ಎರಡು ಕುಂಕುಮ ಭರಣಿ, ದೀಪದ ಒಂದು ಸಮೆ ಎಂದು ಹೇಳಬಲ್ಲೆ.

ಪದಕಗಳು ಸಾವಕಾರರ ಮನೆಯ ಪಡಸಾಲೆಯಲ್ಲಿ ಗಾಜಿನ ಅಲಮಾರಿ ಸೇರಿದವು. ಸಾವಕಾರರ ಹೆಂಡತಿ ಮಾಣಿಕಮ್ಮನವರದು ಒಂದೇ ತಕರಾರು.

"ಮೈಮ್ಯಾಲ ಅರಿವಿ ಇಲ್ಲದಂವ ನನ್ನ ಮನ್ಯಾಗ ಬ್ಯಾಡ. ಬಂದ ಹೆಣ್ಣಮಕ್ಕಳು ಏನಂದಾರು?"

ಹಾಗಾಗಿ ರಾಜನ ಮುಖ ಹೊರಗೆ, ಬೆತ್ತಲೆ ಸವಾರನ ಮುಖ ಗೋಡೆಗೆ. ಏಳು ವರ್ಷ ಆ ಸವಾರನನ್ನು ಯಾರೂ ನೋಡಲಿಲ್ಲ. ಪ್ರತಿ ಆಗಸ್ಟ್ ಹದಿನೈದಕ್ಕೆ ನಾನೇ ಶಾಲೆಯ ಮಕ್ಕಳನ್ನು ಸಾಲುಗಟ್ಟಿಸಿ ಕರೆದೊಯ್ದು ಅಲಮಾರಿ ತೋರಿಸುತ್ತಿದ್ದೆ. ರಿಸಾಲ್ದಾರ್ ಅಜ್ಜನಿಗೆ ಅವರು ಚಪ್ಪಾಳೆ ತಟ್ಟುತ್ತಿದ್ದರು.

1979ರ ಬೇಸಿಗೆಯಲ್ಲಿ ಹೈದರಾಬಾದಿನ ಬಸ್ಸಿನಿಂದ ಜಹೀರುದ್ದೀನ್ ಎಂಬವರು ಇಳಿದರು. ಹಳೆಯ ನಾಣ್ಯ, ಪದಕಗಳ ಬೆಲೆ ಕಟ್ಟಿ ಹರಾಜು ಮಾಡಿಸುವುದು ಅವರ ಕಸುಬು. ಯಾವುದೋ ಪತ್ರಿಕೆಯಲ್ಲಿ ನಮ್ಮ ಅಲಮಾರಿಯ ಸುದ್ದಿ ಓದಿದ್ದರು. ತೆಳ್ಳಗಿನ ಮನುಷ್ಯ, ಚೀಲದಲ್ಲಿ ಒಂದು ಮಖಮಲ್ ಬಟ್ಟೆ, ಒಂದು ಅಳತೆಯ ಚಿಮಟಿಗೆ, ಒಂದು ಮಸೂರ. ಅಲಮಾರಿ ನೋಡಿ ಅವರು ಕೇಳಿದ ಮೊದಲ ಪ್ರಶ್ನೆಯನ್ನು ಏಳು ವರ್ಷದಲ್ಲಿ ಇಂಗ್ಲಿಷ್ ಮಾಸ್ತರನಾದ ನನ್ನನ್ನೂ ಸೇರಿಸಿ ಊರಿನ ಒಬ್ಬನೂ ಕೇಳಿರಲಿಲ್ಲ.

"ಸಾವಕಾರ್ರೆ, ಇದು ಆ ಯುದ್ಧದ ಮೆಡಲ್. ಒಬ್ಬಗ ಒಂದ ಕೊಡತಿದ್ದರು. ನಿಮ್ಮ ಅಜ್ಜಾವ್ರಿಗೆ ಅದನ್ನೇ ನಲವತ್ತಮೂರು ಸಲ ಕೊಟ್ಟಾರೇನ್ರಿ?"

"ಭಾಳ ಶೂರ ಇದ್ದರು," ಎಂದರು ಮಹಾರುದ್ರಪ್ಪ.

ಜಹೀರುದ್ದೀನರು ಒಂದನ್ನು ತೆಗೆದು ಅಂಚು ಹೊರಳಿಸಿ ನೋಡಿದರು. ಇನ್ನೊಂದು ನೋಡಿದರು. ಮತ್ತೊಂದು. ಅವರ ಮುಖ ಮಗುವನ್ನು ಕಳೆದುಕೊಂಡವರ ಮುಖದಂತಾಯಿತು.

"ಹೆಸರು ಎಲ್ಲಿ ಹೋದವ್ರಿ? ಯಾವ ಗಧಾ ಉಜ್ಜಿದ ಇವನ್ನ?"

ಅಲ್ಲಿದ್ದ ನಾವು ಮೂವರೂ, ಅಂದರೆ ಸಾವಕಾರರು, ಬಸವಣಪ್ಪ, ನಾನು, ನೆಲ ನೋಡಿದೆವು. ಕತ್ತೆ ಒಂದೇ ಎಂದು ಅವರು ತಿಳಿದಿದ್ದರು, ಪಾಪ.

ಆಮೇಲೆ ಅವರು ವಿವರಿಸಿದರು. ಈ ಪದಕಕ್ಕೆ ಬೆಳ್ಳಿಯ ಬೆಲೆ ಏನೂ ಅಲ್ಲ. ಬೆಲೆ ಇರುವುದು ಅಂಚಿನ ಹೆಸರಿಗೆ. ಆ ಹೆಸರು ಹಿಡಿದು ಸಂಗ್ರಹಕಾರರು ಅವನು ಯಾವ ದಂಡಿನವನು, ಎಲ್ಲಿ ಕಾದಿದ, ಬದುಕಿ ಬಂದನೋ ಇಲ್ಲವೋ ಎಂದು ಹುಡುಕುತ್ತಾರೆ. ಕುದುರೆ ದಂಡಿನವನಾದರೆ ಬೆಳ್ಳಿಯ ಹತ್ತುಪಟ್ಟು. ಹೆಸರು ಉಜ್ಜಿದ್ದಾದರೆ ಕರಗಿಸುವ ಕುಲುಮೆಗೆ ಎಷ್ಟೋ ಅಷ್ಟೇ.

"ಹೆಸರು ಇದ್ದ ಮಾಲು ಸಿಕ್ಕರ ಕಾಗದ ಹಾಕ್ರಿ," ಎಂದು ಹೇಳಿ ಅವರು ಸಂಜೆಯ ಬಸ್ಸಿಗೆ ಹೋದರು.

ಮಹಾರುದ್ರಪ್ಪನವರು ದುಃಖದಲ್ಲಿ ಕಾಲ ಕಳೆಯುವವರಲ್ಲ. ಮರುದಿನ ಬೆಳಿಗ್ಗೆ ನನ್ನ ಮನೆಗೇ ಬಂದರು. "ಮಾಸ್ತರ್, ಅವತ್ತು ನೀವು ಬರಕೊಂಡಿದ್ರಲ್ಲ, ಆ ವಹಿ ಅದ ಏನ್ರಿ?"

ಇತ್ತು. ಇಲ್ಲವೆನ್ನಬಹುದಾಗಿತ್ತು, ಅನ್ನಲಿಲ್ಲ. ಬಸವಣಪ್ಪನಿಗೆ ಮತ್ತೆ ಕರೆ ಹೋಯಿತು. ಅಳಿಸಲು ಪಡೆದ ಕೂಲಿಯ ಎರಡು ಪಟ್ಟು ಕೆತ್ತಲು ಕೇಳಿದ. ಇಂಗ್ಲಿಷ್ ಬಾರದ್ದರಿಂದ ನನ್ನ ಅಕ್ಷರಗಳನ್ನು ರಂಗೋಲಿಯ ಹಾಗೆ ನೋಡಿ ಕೆತ್ತಬೇಕಾಗಿತ್ತು. ಅವನಿಗೆ ಒಂದೇ ಸಂಶಯ.

"ಯಾವ ಬಿಲ್ಲೆಕ್ಕ ಯಾವ ಹೆಸರ್ರಿ, ಸಾವಕಾರ್ರೆ?"

"ಎಲ್ಲಾ ಒಂದ ತೂಕ ಅವ. ಸಾಲಾಗಿ ಕೆತ್ತಕೋತ ಹೋಗು."

ರಿಸಾಲ್ದಾರ್ ಅಜ್ಜ ಪಿಂಚಣಿಯೂ ಇಲ್ಲದೆ ಗಾಣಕ್ಕೆ ಮರಳಿದರು. ನಾನು ಬರೆದ ಚರಿತ್ರೆ ಗೋಡೆಯಿಂದ ಇಳಿಯಿತು. ಮಹಾರುದ್ರಪ್ಪನವರು ಈಗ ಸೈನಿಕನ ಮೊಮ್ಮಗ ಅಲ್ಲ. ಈ ಭಾಗದ ನಲವತ್ತಮೂರು ವೀರರ ಹೆಸರು ಉಳಿಸಿದ ಪುಣ್ಯಾತ್ಮ. ಬದಲಾವಣೆ ಎಷ್ಟು ಸಲೀಸಾಗಿತ್ತೆಂದರೆ, ಸ್ವಲ್ಪ ದಿನದಲ್ಲಿ ನಾನೂ ಅದನ್ನು ನಂಬತೊಡಗಿದ್ದೆ.

ದೀಪಾವಳಿ ಮುಗಿದ ಮೇಲೆ ಜಹೀರುದ್ದೀನರು ಮತ್ತೆ ಬಂದರು. "ಇವು ಬ್ಯಾರೆ ಮಾಲ್ರಿ, ಅಟ್ಟದ ಮ್ಯಾಲ ಇದ್ದವು," ಎಂದರು ಸಾವಕಾರರು. ಜಹೀರುದ್ದೀನರು ಅಂಚನ್ನು ಹೆಬ್ಬೆರಳಿನಿಂದ ಸವರಿದರು, ಚಿಮಟಿಗೆಯಿಂದ ಅಳೆದರು, ನಕ್ಕರು. ಅವರಿಗೆ ಕಮಿಷನ್ ಕೊಳ್ಳುವವರಿಂದಲೂ ಬರುತ್ತಿತ್ತು, ಮಾರುವವರಿಂದಲೂ ಬರುತ್ತಿತ್ತು. ಎರಡು ಕಡೆಯ ಭಾರಕ್ಕೆ ಅವರ ವಿದ್ವತ್ತಿಗೆ ಅಂದು ಬಾಯಿ ತೆರೆಯಲಾಗಲಿಲ್ಲ. ಒಂದೊಂದಕ್ಕೂ ಬೆಲೆ ಕಟ್ಟಿ ಪಟ್ಟಿ ಮಾಡಿದರು. ಹದಿನೇಳನೆಯ ಪದಕಕ್ಕೆ ಮಾತ್ರ "ಹಿಂಬದಿಗೆ ಗೀರುಗಳು, ಬೆಲೆ ಅರ್ಧ" ಎಂದು ಬರೆಸಿದರು.

ಹರಾಜು ಹುಮನಾಬಾದಿನಲ್ಲೇ ಆಗಬೇಕೆಂದು ಸಾವಕಾರರ ಹಟ. ಪುಣೆಯಿಂದಲೂ ಹೈದರಾಬಾದಿನಿಂದಲೂ ಒಂದೇ ಹೆದ್ದಾರಿಯ ಮೇಲೆ ಬರಬಹುದಾದ್ದರಿಂದ ಜಹೀರುದ್ದೀನರು ಒಪ್ಪಿದರು. ಕರಪತ್ರ ಬರೆದವನು ನಾನು. ಗಿರಾಕಿಗಳ ಕಣ್ಣು ಸೆಳೆಯಲೆಂದು ನಲವತ್ತಮೂರು ಹೆಸರನ್ನೂ, ಸಾವಕಾರರು ನೆನಪಿನಿಂದ ಹೇಳಿದ ಊರು ಸಮೇತ, ಕನ್ನಡದಲ್ಲಿ, ಉರ್ದುವಿನಲ್ಲಿ ಹಾಕಿಸಿದೆವು: ಬಸವಕಲ್ಯಾಣದ ಸವಾರ್ ಮಹೆಬೂಬ, ರಾಜೇಶ್ವರದ ಡ್ರೈವರ್ ತುಳಜಾರಾಮ, ಹೀಗೆ. ಬಸವಕಲ್ಯಾಣದ ಬಸ್‌ಸ್ಟ್ಯಾಂಡು, ರಾಜೇಶ್ವರದ ಚಾವಡಿ, ಮುಡಬಿಯ ಚಹಾದಂಗಡಿ ಎಲ್ಲ ಕಡೆ ಅಂಟಿಸಿದೆವು. ಹೆಸರುಗಳಿಗೆ ಹಿಂದೆ ಮುಂದೆ ಮಂದಿಯೂ ಇರುತ್ತಾರೆ ಎಂಬುದು ಸಾವಕಾರರು, ಜಹೀರುದ್ದೀನರು, ನಾನು ಎಂಬ ಮೂವರು ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

1980ರ ಜನವರಿ ಹದಿಮೂರು, ಭಾನುವಾರ, ಸಂಕ್ರಾಂತಿಯ ಹಿಂದಿನ ದಿನ. ಜಾಗ, ತೊಗರಿ ವ್ಯಾಪಾರಿಗಳ ಗೋದಾಮು. ಮುಂದೆ ಆರು ಕುರ್ಚಿ. ಪುಣೆಯ ಡಾಕ್ಟರರು ಒಬ್ಬರು, ಹೈದರಾಬಾದಿನ ವಕೀಲರು ಒಬ್ಬರು, ಇನ್ನು ನಾಲ್ಕು ಮಂದಿ ಸಂಗ್ರಹಕಾರರು. ಹತ್ತು ಗಂಟೆಯಿಂದ ಬಸ್ಸುಗಳು ಒಂದೊಂದಾಗಿ ಮಂದಿಯನ್ನು ಇಳಿಸತೊಡಗಿದವು. ರುಮಾಲಿನವರು, ಟೋಪಿಯವರು, ಸೊಂಟದ ಮೇಲೆ ಮೊಮ್ಮಕ್ಕಳನ್ನು ಹೊತ್ತ ಮುದುಕಿಯರು. ಎಲ್ಲರ ಕೈಯಲ್ಲೂ ಗೋಡೆಯಿಂದ ಕಿತ್ತ ಕರಪತ್ರ.

ಮಹಾರುದ್ರಪ್ಪನವರ ಮುಖ ಅರಳಿತು. "ಏನು ಗಿರಾಕಿ ಬರಾಕತ್ತಾರ ನೋಡ್ರಿ, ಮಾಸ್ತರ್!"

"ಇವರು ಗಿರಾಕಿ ಅಲ್ರಿ, ಸಾವಕಾರ್ರೆ," ಎಂದೆ.

ಸವಾಲು ಕೂಗುವವನು ತೊಗರಿ ಹರಾಜಿನವನೇ. ಪದಕವನ್ನು ಅಂಗೈ ಮೇಲಿಟ್ಟು, ಹೊಟ್ಟು ಹಾರಿಸುವ ಹಾಗೆ ಉಫ್ ಎಂದು ಊದಿ, ಕೂಗುತ್ತಿದ್ದ. ಮೊದಲ ಮೂರು ಚೆನ್ನಾಗಿ ಹೋದವು. ಎರಡು ಪುಣೆಯ ಡಾಕ್ಟರರಿಗೆ, ಒಂದು ವಕೀಲರಿಗೆ. ಹಿಂದೆ ಕೂತ ಮಂದಿ ಒಂದೊಂದು ಹೆಸರು ಕೂಗಿದಾಗಲೂ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ನಾಲ್ಕನೇದು! ಸವಾರ್ ಮಹೆಬೂಬ, ಊರು ಬಸವಕಲ್ಯಾಣ, ನಿಜಾಮ್ ಸರ್ಕಾರದ ಕುದುರಿ ದಂಡು!"

"ಖಡೆ ರಹೋ! ನಿಂದರ್ರಿ!"

ಎದ್ದು ನಿಂತವಳು ಅರವತ್ತು ದಾಟಿದ ಹೆಂಗಸು. ಬಿಳಿ ದುಪ್ಪಟಿ, ಬಾಯಿ ತುಂಬ ಎಲೆ ಅಡಿಕೆ. ಬಸವಕಲ್ಯಾಣದ ಕಿಲ್ಲೆಯ ಹತ್ತಿರ ಬಳೆ ಮಾರುವ ಸರ್ದಾರಬಿ.

"ಮಹೆಬೂಬ ಅಂದರ ನಮ್ಮ ಅಬ್ಬಾ. ಅಬ್ಬಾನ ಬೆಳ್ಳಿ ಬಿಲ್ಲೆ, ತಮ್ಗಾ, ನನ್ನ ತಮ್ಮ ಈ ಸಾವಕಾರ್ರ ಅಂಗಡ್ಯಾಗ ಮಾರಿದ್ದ, ನನಗ ಹೇಳದ. ಒಂದ ಸಲ ಕೈಯಾಗ ಕೊಡ್ರಿ. ತಗೊಂಡ ಓಡಿ ಹೋಗಂಗಿಲ್ಲ. ಮಣಕಾಲು ನೋಯ್ತಾವ, ಓಡಾಕ ಆಗಂಗಿಲ್ಲ."

ಗೋದಾಮು ನಕ್ಕಿತು. ಮಂದಿಯ ಮುಂದೆ ಇಲ್ಲವೆನ್ನಲಾಗದೆ ಸಾವಕಾರರು ಕೈ ಸನ್ನೆ ಮಾಡಿದರು. ಸರ್ದಾರಬಿ ಪದಕವನ್ನು ಹೊರಳಿಸಿ ಸವಾರನಿದ್ದ ಮಗ್ಗುಲನ್ನು ಬೆಳಕಿಗೆ ಹಿಡಿದಳು. ಸ್ವಲ್ಪ ಹೊತ್ತು ನೋಡಿ ಮೇಜಿನ ಮೇಲಿಟ್ಟಳು.

"ಇದು ಅಬ್ಬಾಂದು ಅಲ್ಲ."

"ಹೆಸರು ಅದ ನೋಡವ್ವ," ಎಂದರು ಮಹಾರುದ್ರಪ್ಪ. "ಇಂಗ್ಲಿಷಿನ್ಯಾಗ ಅದ."

"ಇಂಗ್ಲಿಷು ನನಗ ಬರಂಗಿಲ್ರಿ. ಆದರ ನಮ್ಮ ಅಬ್ಬಾನ ತಮ್ಗಾದ ಮ್ಯಾಲಿನ ಸವಾರ ಲುಂಗಿ ಉಟ್ಟಾನ. ಇಂವ ಹಂಗ ಕುಂತಾನ."

ಗೋದಾಮು ಈ ಸಲ ನಗಲಿಲ್ಲ, ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಅಬ್ಬಾ ಮಿಸರಿನಿಂದ ಬಂದು ಪದಕವನ್ನು ಗೂಟಕ್ಕೆ ತೂಗುಹಾಕಿದಾಗ ಅಮ್ಮಿ ನಾಚಿಕೆಯಿಂದ ಕೆಂಪಾದಳಂತೆ. ನಮಾಜು ಮಾಡುವ ಮನೆಯಲ್ಲಿ ಇದೇನು ಬೇಶರಮ್ ಎಂದು, ಅಬ್ಬಾ ಹೊರಗೆ ಹೋದ ಒಂದು ಮಧ್ಯಾಹ್ನ ಗೋಣಿ ಹೊಲಿಯುವ ದಬ್ಬಣದಿಂದ ಗೀರಿ ಗೀರಿ ಆ ಸವಾರನಿಗೆ ಸೊಂಟದಿಂದ ಮೊಣಕಾಲಿನವರೆಗೆ ಚೌಕಡಿ ಲುಂಗಿ ಉಡಿಸಿದಳಂತೆ. ಅಬ್ಬಾ ಬೈಯುವ ಬದಲು ಬಿದ್ದು ಬಿದ್ದು ನಕ್ಕನಂತೆ.

"ನಾ ಸಣ್ಣಾಕಿ ಇದ್ದಾಗ ಆ ಲುಂಗೀ ಚೌಕ ಎಣಸ್ಕೋತ ಲೆಕ್ಕ ಕಲತೀನ್ರಿ," ಎಂದಳು. "ಉಳದದ್ದೂ ತೋರಸ್ರಿ."

ಯಾರೂ ಬೇಡವೆನ್ನುವ ಮೊದಲೇ ಮೇಜಿನ ಮೇಲಿನ ಪದಕಗಳನ್ನು ಒಂದೊಂದಾಗಿ ಮಗುಚತೊಡಗಿದಳು. ಬೆತ್ತಲೆ ಸವಾರ, ಬೆತ್ತಲೆ ಸವಾರ, ಬೆತ್ತಲೆ ಸವಾರ. ಮಾಣಿಕಮ್ಮನವರು ಸೆರಗಿನಿಂದ ಮುಖ ಮುಚ್ಚಿಕೊಂಡರು. ಹದಿನೇಳನೆಯದಕ್ಕೆ ಬಂದಾಗ ಸರ್ದಾರಬಿಯ ಕೈ ನಿಂತಿತು. ಬಾಯಲ್ಲಿದ್ದ ಎಲೆಯನ್ನು ಅಗಿಯುವುದೂ ನಿಂತಿತು. ಅವಳು ಅದನ್ನು ಎದೆಗೆ ಒತ್ತಿಕೊಂಡು ನಿಂತಳು.

ಜಹೀರುದ್ದೀನರು ಬೇಡಿಕೊಂಡ ಮೇಲೆ ತೋರಿಸಿದಳು. ಅವರು ಮಸೂರ ಹಿಡಿದು ನೋಡಿದರು. "ಹಳೇ ಗೀರು. ಅರವತ್ತು ವರ್ಷದ್ದು," ಎಂದರು. ಆ ದಿನ ಅವರು ಆಡಿದ ಮೊದಲ ನಿಜ.

"ಅಂಚಿಗೆ ಏನು ಬರದದ?" ಎಂದು ಪುಣೆಯ ಡಾಕ್ಟರರು ಎದ್ದರು.

ಓದಬೇಕಾದವನು ನಾನು. ಓದಿದೆ. "ಡ್ರೈವರ್ ತುಳಜಾರಾಮ. ಖಚ್ಚರ ಪಲ್ಟನ್, ಹೇಸರಗತ್ತೆ ಹೊಡಿಯೋ ದಂಡು."

ಸರ್ದಾರಬಿ ಮೇಜು ಗುದ್ದಿದಳು. "ಕುದುರಿ ಮ್ಯಾಲ ಮಿಸರ್ ತಿರಗಿದ ನಮ್ಮ ಅಬ್ಬಾಗ ಖಚ್ಚರ ಮ್ಯಾಲ ಕುಂದ್ರಿಸೀರೇನ್ರಿ!"

"ಖಚ್ಚರಕ್ಕ ಏನಾಗ್ಯಾದ?" ಹಿಂದಿನಿಂದ ಇನ್ನೊಂದು ದನಿ. ರಾಜೇಶ್ವರದ ದ್ರೌಪತಿ, ಐವತ್ತರ ಹೆಂಗಸು, ಕಚ್ಚೆಯ ಸೀರೆಯ ತುದಿ ಸಿಕ್ಕಿಸಿಕೊಂಡು ಮುಂದೆ ಬಂದಳು. "ತುಳಜಾರಾಮ ನಮ್ಮಪ್ಪ. ಗುಂಡು ಬೀಳೂ ಮುಂದ ಖಚ್ಚರ ಮ್ಯಾಲ ನೀರು ಹೇರಕೊಂಡ ಹೋಗ್ಯಾನ. ಆ ನೀರು ನಿಮ್ಮ ಕುದುರಿನೂ ಕುಡದಿದ್ದಾವು!"

ಆಮೇಲೆ ಗೋದಾಮಿನಲ್ಲಿ ನಡೆದದ್ದನ್ನು ಸಾಲಾಗಿ ಹೇಳುವುದು ಕಷ್ಟ. ಡಾಕ್ಟರರು ಕೊಂಡ ಪದಕಗಳನ್ನು ಮೇಜಿನ ಮೇಲಿಟ್ಟು ಹಣ ವಾಪಸು ಕೇಳಿದರು. ವಕೀಲರು ತಮ್ಮದನ್ನೂ ಇಟ್ಟು ಕಾನೂನಿನ ಹೆಸರು ಹೇಳತೊಡಗಿದರು. ಜಹೀರುದ್ದೀನರು ತಮ್ಮ ಅಳತೆಯ ಚಿಮಟಿಗೆಯನ್ನು ಈಗ ತಾನೇ ಕಂಡುಹಿಡಿದವರಂತೆ ಹೊರತೆಗೆದು ಅಳೆದು, "ಅಂಚು ಸವೆದದ, ಕೆತ್ತಿದ್ದು ಹೊಸದು," ಎಂದು ಆಶ್ಚರ್ಯಪಟ್ಟರು. ಬಸವಣಪ್ಪ ಬಾಗಿಲ ಕಡೆ ಜಾರುತ್ತಿದ್ದ. ಮಹಾರುದ್ರಪ್ಪನವರು ನನ್ನ ಕಡೆ ತಿರುಗಿದರು.

"ಮಾಸ್ತರ್, ನೀವು ಕಲತವರು. ಮಂದಿಗಿ ತಿಳಿಸಿ ಹೇಳ್ರಿ."

ಹಿಂದೆ ಕೂತವರಲ್ಲಿ ಅರ್ಧದಷ್ಟು ಮಂದಿಯ ಮಕ್ಕಳಿಗೆ ನಾನು ಕಲಿಸಿದ್ದೆ. ಅವರು ನನ್ನನ್ನೇ ನೋಡುತ್ತಿದ್ದರು. ಮಾಸ್ತರ ಹೇಳಿದರೆ ನಿಜವಿರುತ್ತದೆ ಎಂಬ ಹಳೆಯ ದುರಭ್ಯಾಸ. ನಾನು ತಿಳಿಸಿ ಹೇಳಿದೆ. ಹೆಸರು ಓದಿದವನು ನಾನು, ಉಜ್ಜಿಸಿದವರು ಇವರು, ಉಜ್ಜಿದವನು ಬಾಗಿಲಲ್ಲಿ ನಿಂತವನು. ಮತ್ತೆ ಕೆತ್ತಲು ಪಟ್ಟಿ ಕೊಟ್ಟವನೂ ನಾನೇ. ಯಾವುದರ ಮೇಲೆ ಯಾರ ಹೆಸರಿದೆಯೋ ಅದು ಅವನದಲ್ಲ. ಹ್ಯಾಗೆ ಹೇಳಿದೆನೋ ತಿಳಿಯದು. ಹೇಳಿ ಮುಗಿದ ಮೇಲೆ ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಹಾರುದ್ರಪ್ಪನವರು ಮಾತ್ರ ಸೋಲಲಿಲ್ಲ. ಮೇಜಿನ ಮೇಲೆ ಹತ್ತಿ ನಿಂತಂತೆ ದನಿ ಎತ್ತರಿಸಿದರು. "ಆತು! ನಾ ಏನು ಕಳ್ಳ ಅಲ್ಲ. ಯಾರದು ಯಾವುದು ತೋರಿಸಿ ತಗೊಂಡ ಹೋಗ್ರಿ, ಪುಕ್ಕಟ!"

ಬಹಳ ಜಾಣ ಔದಾರ್ಯ. ನಲವತ್ತಮೂರು ತಾಯಂದಿರಲ್ಲಿ ದಬ್ಬಣ ಹಿಡಿದವಳು ಒಬ್ಬಳೇ. ಮಂದಿ ಮೇಜಿನ ಸುತ್ತ ನೆರೆದರು, ಎತ್ತಿ ನೋಡಿದರು, ಇಟ್ಟರು. ಮುಡಬಿಯ ಮುದುಕನೊಬ್ಬ ಒಂದನ್ನು ಅಂಗೈಯಲ್ಲಿ ಬಹಳ ಹೊತ್ತು ಇಟ್ಟುಕೊಂಡಿದ್ದ. "ಇದು ನಮ್ಮಣ್ಣಂದು ಇದ್ದರೂ ಇರಬಹುದು," ಎಂದ. ಆಮೇಲೆ, "ಇಲ್ಲಂದರ ಮತ್ತೊಬ್ಬರ ಮನೀದು ಒಯ್ದಂಗ ಆಗತದ," ಎಂದು ಮೆಲ್ಲಗೆ ಕೆಳಗಿಟ್ಟು ಬಸ್ಸಿಗೆ ಹೊರಟ. ಅವನ ಹಿಂದೆ ಉಳಿದವರೂ ಹೊರಟರು. ಅಷ್ಟು ಪ್ರಾಮಾಣಿಕ ಮಂದಿಯನ್ನು ಒಟ್ಟಿಗೆ ಕಂಡು ಸಾವಕಾರರಿಗೆ ಸಂತೋಷವಾಯಿತು.

ಸರ್ದಾರಬಿಯ ಮುಷ್ಟಿಯ ಕಡೆ ನೋಡಿ ಅವರ ಸಂತೋಷ ಸ್ವಲ್ಪ ಇಳಿಯಿತು. "ಬೆಳ್ಳಿ ರೇಟು ಇವತ್ತು ಭಾಳ ಏರ್ಯಾದವ್ವ," ಎಂದು ಶುರು ಮಾಡಿದರು.

"ಪುಕ್ಕಟ ಅಂತ ಈಗ ತಾನ ಅಂದ್ರಿ," ಎಂದಳು ಸರ್ದಾರಬಿ. "ಮಂದಿ ಇನ್ನೂ ಬಸ್ಸು ಹತ್ತಿಲ್ಲ. ಕರೀಲೇನು?"

ಸಾವಕಾರರು ಜೀವಮಾನದಲ್ಲಿ ಮೊದಲ ಸಲ ತೂಗದೆ ಬೆಳ್ಳಿ ಕೊಟ್ಟರು.

ಬಸ್‌ಸ್ಟ್ಯಾಂಡಿನಲ್ಲಿ ಜಹೀರುದ್ದೀನರು ಅವಳ ಬೆನ್ನು ಬಿದ್ದಿದ್ದನ್ನು ನಾನು ಕಂಡೆ. ಬೆಳಿಗ್ಗೆ ಅರ್ಧ ಬೆಲೆಯಾಗಿದ್ದ ಹದಿನೇಳನೆಯದು ಈಗ ಅವರ ಕಣ್ಣಿಗೆ ದೇಶದಲ್ಲೇ ಒಂದಾಗಿತ್ತು. ಅವರು ಹೇಳಿದ ಮೊತ್ತಕ್ಕೆ ನನಗೆ ಕೆಮ್ಮು ಬಂತು. ಸರ್ದಾರಬಿ ಗಲ್ಲಕ್ಕೆ ಕೈಯಿಟ್ಟು ಕೇಳಿದಳು.

"ಬರೀ ಲುಂಗಿ ಉಡಿಸಿದ್ದಕ್ಕ ಇಷ್ಟು ರೊಕ್ಕ ಏನ್ರಿ, ಸಾಹೇಬ್ರೆ? ನಮ್ಮ ಅಮ್ಮಿ ಶೇರವಾನಿ ಹೊಲದಿದ್ದರ ಏನು ಕೊಡತಿದ್ರಿ?"

ಜಹೀರುದ್ದೀನರು ಹೈದರಾಬಾದಿನ ಬಸ್ಸು ಹತ್ತಿದರು. ಆದರೆ ದ್ರೌಪತಿ ಅಲ್ಲೇ ನಿಂತಿದ್ದಳು.

"ಖಾಲಾ, ಬೆಳ್ಳಿ ನಿಮ್ಮ ಅಪ್ಪಂದು ಖರೆ. ಹೆಸರು ನಮ್ಮ ಅಪ್ಪಂದು. ನಮ್ಮ ಅಪ್ಪನ ಹೆಸರು ಜಗತ್ತಿನ್ಯಾಗ ಮತ್ತೆಲ್ಲೂ ಬರದಿಲ್ರಿ. ಹೊಲದ ಪಹಣಿ ಉತಾರದಾಗೂ ಇಲ್ಲ, ಹೊಲಾನ ಇರಲಿಲ್ಲ."

"ಹೆಸರು ಕೆರದ ಕೊಡಲೇನ ಬೇಟಿ?"

"ಒಂದ ಸಲ ಕೆರದದ್ದ ಸಾಕ್ರಿ."

ಇಬ್ಬರೂ ನನ್ನ ಕಡೆ ನೋಡಿದರು. ನಾನು ನ್ಯಾಯ ಹೇಳುವ ಸ್ಥಿತಿಯಲ್ಲಿರಲಿಲ್ಲ. ಅವರೇ ಒಂದು ಕಲ್ಲುಬೆಂಚಿನ ಮೇಲೆ ಕೂತು, ಎಲೆ ಅಡಿಕೆ ಹಂಚಿಕೊಂಡು, ಬೈದಾಡಿ, ಎರಡು ಬಸ್ಸು ಬಿಟ್ಟು, ಒಪ್ಪಂದಕ್ಕೆ ಬಂದರು. ಪದಕ ಆರು ತಿಂಗಳು ಬಸವಕಲ್ಯಾಣದಲ್ಲಿ, ಆರು ತಿಂಗಳು ರಾಜೇಶ್ವರದಲ್ಲಿ. ರಂಜಾನಿಗೆ ಇವಳ ಮನೆ, ನಾಗರಪಂಚಮಿಗೆ ಅವಳ ಮನೆ.

ಉಳಿದ ಪದಕಗಳ ಕಥೆ ಸಣ್ಣದು. ಆ ವಾರವೇ ಬೆಳ್ಳಿಯ ಭಾವ ಯಾರೂ ಕಂಡರಿಯದಷ್ಟು ಏರಿತು. ಜಗತ್ತಿನ ಇನ್ನೊಂದು ತುದಿಯಲ್ಲಿ ಯಾರೋ ದೊಡ್ಡ ಸಾವಕಾರರು ಬೆಳ್ಳಿಯನ್ನೆಲ್ಲ ಕೊಂಡುಬಿಟ್ಟಿದ್ದರಂತೆ. ಮಹಾರುದ್ರಪ್ಪನವರು ನಲವತ್ತೆರಡನ್ನೂ ಸೊಲ್ಲಾಪುರಕ್ಕೆ ಒಯ್ದು ಕರಗಿಸಿ ಮಾರಿ, ಹರಾಜಿನಲ್ಲಿ ಬರಬಹುದಾಗಿದ್ದಕ್ಕಿಂತ ಹೆಚ್ಚು ತಂದರು. ಪಾಪಕ್ಕೆ ಶಿಕ್ಷೆ ಉಂಟೆಂದು ನಾನು ಮಕ್ಕಳಿಗೆ ಕಲಿಸುತ್ತಿದ್ದ ಪಾಠವನ್ನು ಆ ವರ್ಷ ಪರೀಕ್ಷೆಗೆ ಕೇಳಲಿಲ್ಲ. ಜನವರಿ ಇಪ್ಪತ್ತಾರಕ್ಕೆ ಮಾಜಿ ಸೈನಿಕರ ನಿಧಿಗೆ ದೇಣಿಗೆ ಕೊಟ್ಟು, ಕಡೆಗೂ ವೇದಿಕೆಯ ಕುರ್ಚಿಯ ಮೇಲೆ ಕೂತರು. ವೀರರ ಹೆಸರು ಅಮರ ಎಂದು ಭಾಷಣ ಮಾಡಿದರು. ನಾನು ಹೋಗಿರಲಿಲ್ಲ, ಬಸವಣಪ್ಪ ಬಂದು ಹೇಳಿದ.

ಮೂರು ವರ್ಷದ ಮೇಲೆ ನನಗೆ ಬಸವಕಲ್ಯಾಣಕ್ಕೆ ವರ್ಗವಾಯಿತು. ಸರ್ದಾರಬಿಯ ಬಳೆಯಂಗಡಿ ನನ್ನ ಶಾಲೆಯ ದಾರಿಯಲ್ಲೇ. ಮೊದಲ ತಿಂಗಳು ನಾನು ಬೇರೆ ಗಲ್ಲಿ ಸುತ್ತಿ ಹೋಗುತ್ತಿದ್ದೆ. ಒಂದು ದಿನ ಅವಳೇ ಕೂಗಿ ಕರೆದಳು. ದ್ರೌಪತಿಯೂ ಬಂದಿದ್ದಳು, ತೋಳ ತುಂಬ ಹಸಿರು ಬಳೆ ಇಡಿಸಿಕೊಳ್ಳುತ್ತಿದ್ದಳು. ರಂಜಾನ್ ಪ್ರತಿ ವರ್ಷ ಹನ್ನೊಂದು ದಿನ ಹಿಂದೆ ಸರಿಯುವುದರಿಂದ ತನ್ನ ಪಾಲಿಗೆ ದಿನ ಕಡಿಮೆ ಬಿದ್ದಿದೆ ಎಂದು ದ್ರೌಪತಿಯ ತಕರಾರು. ಎರಡು ಪಂಚಾಂಗ ಮುಂದಿಟ್ಟು ಲೆಕ್ಕ ಮಾಡಿ ಹೇಳಬೇಕೆಂದು ಇಬ್ಬರ ಆಜ್ಞೆ.

"ನೋಡಿ ಖರೆ ಹೇಳ್ರಿ, ಮಾಸ್ತರ್," ಎಂದಳು ಸರ್ದಾರಬಿ, ಬಳೆಯ ಡಬ್ಬಿ ಸರಿಸಿ ನನಗೆ ಕೂರಲು ಜಾಗ ಮಾಡುತ್ತ. "ಈ ಸಲ ಆದರೂ ಖರೆ ಹೇಳ್ರಿ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ.